ಮನ್ಯಾಗ ಕೇಳೀರೇನ್ರಿ?

ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರಿಗೆ ಒಂದು ಚಾಳಿಯಿತ್ತು. ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿಕೊಡಿ ಎಂದು ಯಾರೇ ಬಂದರೂ ಕನ್ನಡಕವನ್ನು ಹಣೆಗೇರಿಸಿ, "ಮನ್ಯಾಗ ಕೇಳೀರೇನ್ರಿ?" ಎನ್ನುತ್ತಿದ್ದರು. ಎತ್ತು ಮಾರಲು ಹೊರಟವನನ್ನು ಕೇಳುವ ಹಾಗೆ.

ನನ್ನದು ಫೋಟೋ ಸ್ಟುಡಿಯೊ. ನನ್ನ ವಿಂಡೋಸ್ ಕಂಪ್ಯೂಟರಿನ ಡಿಸ್ಕ್ ಸೊಲ್ಲಾಪುರದ ಆಲ್ಬಮ್ ಪ್ರೆಸ್ಸಿನ ಮ್ಯಾಕ್‌ನಲ್ಲಿ ತೆರೆಯುತ್ತಿತ್ತು, ಆದರೆ ಅವರಿಗೆ ಅದರಲ್ಲಿ ಏನನ್ನೂ ಹಾಕಲು ಬರುತ್ತಿರಲಿಲ್ಲ. ಅದನ್ನು ರಿಪೇರಿಯವರ ಹತ್ತಿರ ಒಯ್ದೆ.

"ಎರಡೂ ಕಡೆ ನಡೀಬೇಕಂದ್ರ ಎಲ್ಲಾ ಅಳಸಿ ಹೊಸದಾಗಿ ಫಾರ್ಮ್ಯಾಟ್ ಮಾಡಬೇಕ್ರಿ. ಮನ್ಯಾಗ ಕೇಳೀರೇನ್ರಿ?"

"ಮಂದಿ ಮದುವಿ ಫೋಟೋ ಅದಾವ್ರಿ, ಎಲ್ಲಾ ಕೊಟ್ಟಾಗೇತಿ. ಮನ್ಯಾಗೇನ್ ಕೇಳೂದು?"

ಅವರು ಡಿಸ್ಕ್ ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಫೋನನ್ನು ನನ್ನತ್ತ ಸರಿಸಿದರು.

"ನಮ್ಮವ್ವ ಬೀಸೂಕಲ್ಲಿನ ಪದಾ ಹಾಡಿದ್ದು ಅದರಾಗ ಐತಿ," ಎಂದಳು ಫೋನಿನಲ್ಲಿ ನನ್ನ ಹೆಂಡತಿ. "ಅದನ್ನ ತಗದಿಟ್ಟು ಏನರೆ ಮಾಡ್ರಿ."

ಹಾಡನ್ನು ಅವರು ಬೇರೆ ಕಡೆ ಕಾಪಿ ಮಾಡುವಾಗ, ಕಪಾಟಿನಲ್ಲಿ ಧೂಳು ಒರೆಸಿಟ್ಟಿದ್ದ ಡಿಸ್ಕೊಂದು ನನ್ನ ಕಣ್ಣಿಗೆ ಬಿತ್ತು.

"ಅದರಾಗ ಏನೈತ್ರಿ?"

"ಖಾಲಿ ಐತ್ರಿ. ನಂದ ಅದು." ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. "ಮನ್ಯಾಗ ಕೇಳಿರಲಿಲ್ಲ."