ಒಂದೇ ಸಲ ಕೇಳಿದ್ದು

ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಸುಗಂಧವೇನಲ್ಲ. ಆದರೂ ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದಾಗ ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕುಳಿತುಬಿಟ್ಟೆ. ನಾಲ್ಕು ವರ್ಷ ಅಟ್ಟದಲ್ಲಿದ್ದ ಲ್ಯಾಮಿನೇಟರನ್ನು, ಅಂದರೆ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸುವ ಯಂತ್ರವನ್ನು, ಇಳಿಸಿ ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸಿದ್ದೆ. ಅದು ಕಾದು ಹಸಿರು ದೀಪ ತೋರಿಸಲು ಐದು ನಿಮಿಷ ಬೇಕು. ಅಷ್ಟೂ ಹೊತ್ತು ಅದರ ಮುಂದೆ ಮಂಗಳಾರತಿಗೆ ಕಾದವನ ಹಾಗೆ ನಿಂತಿರುವುದು ನನ್ನ ಪದ್ಧತಿ.

"ಮತ್ತೆ ಶುರುವಾಯ್ತಾ ನಿಮ್ಮ ಅಂಗಡಿ?" ಅಂದಳು ಅಡಿಗೆಮನೆಯಿಂದ ನನ್ನ ಹೆಂಡತಿ ಸುಮತಿ.

ಶುರುವಾಗಿತ್ತು. ಮುಂದಿನ ವಾರ ನಮ್ಮ ಕಡೆಯ ವಿಶ್ವವಿದ್ಯಾಲಯವೊಂದರಿಂದ ಒಬ್ಬ ವಿದ್ಯಾರ್ಥಿನಿ ಒಂದು ವರ್ಷದ ಓದಿಗೆ ಲಂಡನ್ನಿಗೆ ಬರುತ್ತಾಳೆ. ಅವಳ ಪರ್ಸಿನಲ್ಲಿರಬೇಕಾದ ತುರ್ತು ಕಾರ್ಡನ್ನು ನಾನು ಸಿದ್ಧಪಡಿಸಬೇಕು. ಅದರಲ್ಲಿ ಹೆಸರು, ರಕ್ತದ ಗುಂಪು, ವಿಶ್ವವಿದ್ಯಾಲಯದ ಸಹಾಯವಾಣಿ ಇರುತ್ತವೆ. ಕೊನೆಯ ಸಾಲಿನಲ್ಲಿ 'ಸ್ಥಳೀಯ ಪೋಷಕ' ಎಂಬ ಗಂಭೀರ ಬಿರುದಿನ ಕೆಳಗೆ ನನ್ನ ಫೋನ್ ನಂಬರು.

ಈ ಬಿರುದು ನನಗೆ ಹೇಗೆ ಬಂತೆಂದು ಹೇಳಬೇಕು. ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಸುರಕ್ಷತಾ ಅಧಿಕಾರಿಯಾಗಿದ್ದವನು. ಒದ್ದೆ ನೆಲದ ಮೇಲೆ ಹಳದಿ ಬೋರ್ಡು ಇಡಿಸುವುದು, ಅಗ್ನಿಶಾಮಕದ ತಾರೀಕು ನೋಡುವುದು, ಮೆಟ್ಟಿಲು ಎಣಿಸುವುದು ನನ್ನ ಸಾಮ್ರಾಜ್ಯ. ಸುಮತಿ ಜಿ.ಪಿ., ಅಂದರೆ ಇಲ್ಲಿನವರ ಫ್ಯಾಮಿಲಿ ಡಾಕ್ಟರ್, ಆಗಿದ್ದಳು. ಜಾರಿಬಿದ್ದವರನ್ನು ಅವಳು ನೋಡಿಕೊಂಡರೆ, ಬೀಳದವರೆಲ್ಲ ನನ್ನ ಕೃಪೆಯಿಂದಲೇ ಬೀಳದೆ ಉಳಿದವರು ಎಂದು ನಾನು ನಂಬಿದ್ದೆ. ಬೀಳದವರು ಬಂದು ಕೃತಜ್ಞತೆ ಹೇಳುವುದಿಲ್ಲವಾದ್ದರಿಂದ ನನ್ನ ಕೀರ್ತಿ ಹರಡಲಿಲ್ಲ. ಹೀಗೆ ಮನ್ನಣೆಗೆ ಹಸಿದು ನಿವೃತ್ತನಾಗಿದ್ದಾಗ ಆ ವಿಶ್ವವಿದ್ಯಾಲಯದವರು, ನಮ್ಮ ವಿದ್ಯಾರ್ಥಿಗಳಿಗೆ ಲಂಡನ್ನಿನಲ್ಲಿ ಹಿರಿಯರೊಬ್ಬರು ಬೇಕಲ್ಲ ಎಂದು ಕೇಳಿದರು. ಒಪ್ಪಿಕೊಂಡೆ. ಅವರು ಕೇಳಿದ್ದು ಒಂದು ಫೋನ್ ನಂಬರು. ನಾನು ಹದಿನಾಲ್ಕು ಪುಟದ ಕೈಪಿಡಿ ಬರೆದು ಕಳಿಸಿದೆ.

ರಸ್ತೆ ದಾಟುವುದಕ್ಕೇ ಅದರಲ್ಲಿ ಒಂದು ಪುಟ ಮೀಸಲಿತ್ತು. ಮೊದಲು ಬಲಕ್ಕೆ ನೋಡಿ ಎಂದು ಬರೆದಿದ್ದೆ. ಗದಗಿನಲ್ಲೂ ವಾಹನ ಬಲಗಡೆಯಿಂದಲೇ ಬರುತ್ತದೆ ಎನ್ನುವುದು ಬರೆಯುವಾಗ ಹೊಳೆದಿರಲಿಲ್ಲ.

ಗದಗಿನ ನೆನಪಾದದ್ದು ಪಲ್ಲವಿಯಿಂದ. ಐದು ವರ್ಷದ ಹಿಂದೆ ಗದಗಿನಿಂದ ಬಂದವಳು ಅವಳು, ನನ್ನ ಮೊದಲ ವಿದ್ಯಾರ್ಥಿನಿ. ಇಪ್ಪತ್ತೆರಡು ವರ್ಷ, ದಪ್ಪ ಕನ್ನಡಕ, ಸಾರ್ವಜನಿಕ ಆರೋಗ್ಯದ ಓದು. ವಿಮಾನ ನಿಲ್ದಾಣದಿಂದ ಕರೆದುಕೊಂಡು ಬರುವಾಗ ಟ್ಯೂಬ್ ರೈಲಿನಲ್ಲಿ ಕೈಪಿಡಿಯನ್ನು ಅವಳ ಕೈಗಿಟ್ಟೆ. ಎಜ್‌ವೇರ್ ಸ್ಟೇಷನ್ನಿನಲ್ಲಿ ನಾವು ಇಳಿಯುವಷ್ಟರಲ್ಲಿ ಹದಿನಾಲ್ಕೂ ಪುಟ ಓದಿ ಮುಗಿಸಿದ್ದಳು.

"ಭಾಳ ಚಲೋ ಬರದೀರಿ ಕಾಕಾ. ಇಷ್ಟೆಲ್ಲಾ ಅಪಾಯ ಅದಾವು ಅಂತ ನಮ್ಮ ಅವ್ವಗ ಗೊತ್ತಿದ್ರ ಕಳಸ್ತಿದ್ದಿಲ್ಲ."

ಅದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಅವಳು ಓದುತ್ತಿದ್ದ ಇಲ್ಲಿನ ವಿಶ್ವವಿದ್ಯಾಲಯದವರೂ ಕಡಿಮೆಯವರಲ್ಲ. ಮೊದಲ ದಿನವೇ ಅವಳ ಮೊಬೈಲಿಗೆ, ಅಪಾಯವಾದರೆ ತಮಗೆ ಸುದ್ದಿ ಮುಟ್ಟಿಸುವ ಒಂದು ಆ್ಯಪ್ ಹಾಕಿಸಿದರು. ಆಪ್ತ ಸಮಾಲೋಚಕಿಯ ಬಾಗಿಲು ತೋರಿಸಿದರು, ವಿಮೆ ಮಾಡಿಸಿದರು. ಎರಡು ವಿಶ್ವವಿದ್ಯಾಲಯಗಳು, ಒಂದು ಆ್ಯಪ್, ಒಂದು ಕಾರ್ಡು, ಒಬ್ಬ ಸ್ಥಳೀಯ ಪೋಷಕ. ಕೋಟೆಗೂ ಇಷ್ಟು ಸುತ್ತುಗಳಿರುವುದಿಲ್ಲ.

ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ನಾನು ಫೋನ್ ಮಾಡಬೇಕು, ತಿಂಗಳ ಕೊನೆಗೆ ವರದಿ ಕಳಿಸಬೇಕು ಎಂಬುದು ವ್ಯವಸ್ಥೆ.

"ಹೇಗಿದ್ದೀಯಮ್ಮ?"

"ಆರಾಮ ಅದೀನ್ರಿ ಕಾಕಾ."

"ಊಟ ತಿಂಡಿ?"

"ಎಲ್ಲಾ ಬರೋಬ್ಬರಿ ಐತ್ರಿ. ಕಾಕೂ ಆರಾಮ ಅದಾರ?"

ವರದಿಯ ಹಾಳೆಯಲ್ಲಿ ಕ್ಷೇಮ ಎಂಬ ಚೌಕದಲ್ಲಿ ಒಂದು ಗುರುತು ಹಾಕುತ್ತಿದ್ದೆ. ಇಡೀ ಕಾರ್ಯಕ್ರಮ ಎರಡು ನಿಮಿಷ. ನವೆಂಬರಿನಲ್ಲಿ ಅವಳ ದನಿಯ ಜೊತೆ ಒಂದು ಕೆಮ್ಮೂ ಬರತೊಡಗಿತು. ಜಿ.ಪಿ. ಹತ್ತಿರ ಹೆಸರು ನೋಂದಾಯಿಸಿದ್ದೀಯಾ ಎಂದು ಕೇಳಿದೆ. ಹೂಂರಿ ಅಂದಳು. ಆ ಚೌಕಕ್ಕೂ ಗುರುತು ಬಿತ್ತು. ಹೋಗಿದ್ದೀಯಾ ಎಂಬ ಚೌಕವನ್ನು ನಾನು ಮಾಡಿರಲಿಲ್ಲ.

ಡಿಸೆಂಬರಿನಲ್ಲಿ ಹಾಸ್ಟೆಲಿನ ಅವಧಿ ಮುಗಿಯಿತು. ಇಲ್ಲಿನ ವಿಶ್ವವಿದ್ಯಾಲಯದವರು ಕೊಟ್ಟಿದ್ದೇ ಮೊದಲ ಟರ್ಮಿಗೆ ಮಾತ್ರ. ಪಲ್ಲವಿ ಲಂಡನ್ನಿನ ಇನ್ನೊಂದು ತುದಿಯ ಈಸ್ಟ್ ಹ್ಯಾಮಿನಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಕೋಣೆಗೆ ಹೋದಳು. ಮೂವರು ಹುಡುಗಿಯರು ಮೊದಲೇ ಇದ್ದರು, ಇವಳು ನಾಲ್ಕನೆಯವಳು. ಕೆಳಗೇ ಇಡ್ಲಿ ಸಾಂಬಾರ್ ಸಿಗ್ತೈತ್ರಿ ಎಂದು ನಗುತ್ತಾ ಹೇಳಿದಳು. ಹೀಟರ್ ಕೆಟ್ಟಿದೆ, ಗೋಡೆಯಲ್ಲಿ ತೇವ ಇದೆ ಎನ್ನುವುದೂ ಮಾತಿನ ನಡುವೆ ಬಂತು. ಆಗ ನಾನು ಕೇಳಿದೆ. ಕೇಳಲಿಲ್ಲವೆಂದು ಯಾರೂ ಹೇಳುವಂತಿಲ್ಲ.

"ನಮ್ಮನೆ ಮೇಲಿನ ರೂಮು ಖಾಲಿ ಇದೆಯಮ್ಮ. ಬಂದು ಇರ್ತೀಯಾ?"

"ಬ್ಯಾಡ್ರಿ ಕಾಕಾ. ನಿಮಗ್ಯಾಕ ತ್ರಾಸ."

"ಸರಿಯಮ್ಮ" ಅಂದೆ. ವರದಿಯಲ್ಲಿ, ಮನೆಯಲ್ಲಿರಲು ಆಹ್ವಾನಿಸಲಾಯಿತು, ವಿದ್ಯಾರ್ಥಿನಿ ನಿರಾಕರಿಸಿದರು ಎಂದು ಬರೆದೆ. ಅಕ್ಷರ ಚೆನ್ನಾಗಿ ಬಂದಿತ್ತು.

ಇಲ್ಲಿ ಸ್ವಲ್ಪ ಹಿಂದೆ ಹೋಗುತ್ತೇನೆ, ನೀವು ಬೇಸರಪಡಬಾರದು. ನಾನು ಈ ದೇಶಕ್ಕೆ ಬಂದ ಮೊದಲ ವಾರ ಆಸ್ಪತ್ರೆಯಲ್ಲಿ ಯಾರದೋ ಹುಟ್ಟುಹಬ್ಬ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹಿರಿಯ ನರ್ಸೊಬ್ಬರು ಕೇಕಿನ ತಟ್ಟೆಯನ್ನು ನನ್ನ ಮುಂದೆ ಹಿಡಿದರು. ಬೇಡ ಅಂದೆ. ಮೈಸೂರಿನಲ್ಲಿ ಬೆಳೆದವನು ಇನ್ನೇನು ಹೇಳಿಯಾನು? ಮೊದಲ ಸಲ ಬೇಡ ಅನ್ನುವುದು ಮರ್ಯಾದೆ, ಎರಡನೆಯ ಸಲ ಅಯ್ಯೋ ಯಾಕೆ ಅನ್ನುವುದು ಸಂಕೋಚ, ಮೂರನೆಯ ಸಲ ಸ್ವಲ್ಪವೇ ಹಾಕಿ ಅನ್ನುವುದು ಹಸಿವು. ನಮ್ಮ ಅತ್ತೆ ಬೇಡ ಅಂದವರ ಎಲೆಗೆ ಮೊದಲು ಬಡಿಸಿ ಆಮೇಲೆ ಕಾರಣ ವಿಚಾರಿಸುತ್ತಿದ್ದರು. ಆ ನರ್ಸು ಮಾತ್ರ ನನ್ನ ಬೇಡವನ್ನು ಗೌರವಿಸಿ, ಮುಗುಳ್ನಕ್ಕು, ತಟ್ಟೆಯನ್ನು ಪಕ್ಕದವನ ಕಡೆ ತಿರುಗಿಸಿದರು. ತಟ್ಟೆ ಸುತ್ತು ಹಾಕಿ ಮತ್ತೆ ಬಂದೀತೆಂದು ಕಾದೆ. ಖಾಲಿಯಾಗಿ ಬಂತು. ಆ ದಿನದ ಹಸಿವನ್ನು ನಾನು ಎಷ್ಟು ಕೂಟಗಳಲ್ಲಿ ತಮಾಷೆಯಾಗಿ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ.

ಆ ತಟ್ಟೆ ಯಾವಾಗ ನನ್ನ ಕೈಗೆ ಬಂತೋ ಗೊತ್ತೇ ಆಗಲಿಲ್ಲ.

ಫೆಬ್ರುವರಿಯ ಒಂದು ಮಂಗಳವಾರ ಬೆಳಿಗ್ಗೆ ಪಲ್ಲವಿ ಸ್ಟ್ರಾಟ್‌ಫರ್ಡ್ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಕುಸಿದು ಬಿದ್ದಳು. ಯಾರೋ ಪುಣ್ಯಾತ್ಮರು ಅವಳ ಪರ್ಸು ತೆರೆದು ಕಾರ್ಡು ನೋಡಿ ನನಗೆ ಫೋನ್ ಮಾಡಿದರು. ಮಳೆಯಲ್ಲಿ ನೆನೆದಿದ್ದರೂ ಕಾರ್ಡಿನ ಒಂದಕ್ಷರವೂ ಅಳಿಸಿರಲಿಲ್ಲ. ಕಾರ್ಡು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ಆ್ಯಪ್ ಕೂಡ ಮಾಡಿತು, ಸಹಾಯವಾಣಿಯೂ ಮಾಡಿತು. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ವಿಶ್ವವಿದ್ಯಾಲಯದ ಇಬ್ಬರು ಅಲ್ಲಿದ್ದರು. ನ್ಯುಮೋನಿಯಾ ಎಂದರು ಡಾಕ್ಟರು. ಬಹಳ ದಿನದಿಂದ ಇದ್ದ ಹಾಗಿದೆ, ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು. ನಾನು ಕೈಯಲ್ಲಿ ಹಿಡಿದಿದ್ದ ಉಣ್ಣೆಯ ಟೋಪಿ ನೋಡಿಕೊಂಡೆ.

ಮೂಗಿನಲ್ಲಿ ಆಮ್ಲಜನಕದ ಕೊಳವೆ ಇಟ್ಟುಕೊಂಡೇ ಅವಳು ಅಂದಳು: "ಆರಾಮ ಅದೀನ್ರಿ ಕಾಕಾ."

ಎರಡು ವಾರ ಆಸ್ಪತ್ರೆಯಲ್ಲೇ ಇದ್ದಳು. ಪರೀಕ್ಷೆ ತಪ್ಪಿತು. ಎರಡೂ ವಿಶ್ವವಿದ್ಯಾಲಯಗಳು ಸಭೆ ಸೇರಿ, ವಿದ್ಯಾರ್ಥಿನಿಯ ಸುರಕ್ಷತೆಯ ದೃಷ್ಟಿಯಿಂದ ಅವಳನ್ನು ಊರಿಗೆ ಕಳಿಸುವುದೇ ಒಳ್ಳೆಯದೆಂದು ತೀರ್ಮಾನಿಸಿದವು. ಕಾಗದಕ್ಕೆ ಸ್ಥಳೀಯ ಪೋಷಕನ ಸಹಿ ಬೇಕಿತ್ತು, ಹಾಕಿದೆ. ಮುಂದಿನ ವರ್ಷ ಬಂದು ಮುಗಿಸಬಹುದು ಎಂದು ಅದರಲ್ಲಿ ಬರೆದಿತ್ತು. ಅವಳು ಬರಲಿಲ್ಲ. ಹೀಗೆ ಒಬ್ಬ ಹುಡುಗಿಯನ್ನು ಅವಳ ಓದಿನಿಂದಲೇ ನಾವೆಲ್ಲ ಸುರಕ್ಷಿತವಾಗಿ ಪಾರುಮಾಡಿದೆವು.

ಆ ಚಳಿಗಾಲ ಸುಮತಿ ತನ್ನ ಅಕ್ಕನ ಆಪರೇಷನ್ನಿಗೆಂದು ಮೈಸೂರಿಗೆ ಹೋದವಳು ಏಪ್ರಿಲ್‌ನಲ್ಲಿ ಬಂದಳು. ನಾನು ವರದಿಯ ಫೈಲನ್ನು ಅವಳ ಮುಂದಿಟ್ಟು ಎಲ್ಲವನ್ನೂ ವಿವರಿಸಿದೆ. ನಿರಾಕರಿಸಿದರು ಎಂಬಲ್ಲಿ ಬೆರಳಿಟ್ಟು ಅವಳು ಒಂದೇ ಪ್ರಶ್ನೆ ಕೇಳಿದಳು.

"ಎಷ್ಟು ಸಲ ಕೇಳಿದ್ರಿ?"

"ಒಂದ್ಸಲ."

ಅವಳು ಫೈಲು ಮುಚ್ಚಿ ಕನ್ನಡಕ ತೆಗೆದಳು. "ಅವಳೇನು ಇಂಗ್ಲಿಷರವಳಾ?" ಅಂದಳು.

ಅದೇ ದಿನ ಯಂತ್ರ ಅಟ್ಟ ಸೇರಿತು. ಈ ವರ್ಷ ನಮ್ಮ ಕಡೆಯ ವಿಶ್ವವಿದ್ಯಾಲಯದಿಂದ ಮತ್ತೆ ಪತ್ರ ಬಂದಾಗ ಬೇಡವೆಂದು ಬರೆದೆ. ಅವರು ಎರಡನೆಯ ಸಲ ಕೇಳಿದರು. ಅವರಿಗೆ ಗೊತ್ತಿದೆ ನೋಡಿ.

ಇವತ್ತು ಬೆಳಿಗ್ಗೆ ಆ ವಾಸನೆಯಲ್ಲಿ ಕುಳಿತವನು ಪಲ್ಲವಿಗೆ ಫೋನ್ ಮಾಡಿದೆ. ಗದಗಿನ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಹಬ್ಬಕ್ಕೆ ಅವಳಿಂದ ಒಂದು ಮೆಸೇಜು ಬರುತ್ತದೆ, ನಾನು ಕೈಮುಗಿದ ಚಿತ್ರ ಕಳಿಸುತ್ತೇನೆ. ನಾಲ್ಕು ವರ್ಷದಲ್ಲಿ ನಮ್ಮ ಸಂಭಾಷಣೆ ಅಷ್ಟೇ.

"ಹೇಗಿದ್ದೀಯಮ್ಮ?"

"ಆರಾಮ ಅದೀನ್ರಿ ಕಾಕಾ."

ಎರಡು ನಿಮಿಷದ ಕಾರ್ಯಕ್ರಮ ಅಲ್ಲಿಗೆ ಮುಗಿಯಬೇಕಿತ್ತು. ನಾನು ಫೋನ್ ಇಡಲಿಲ್ಲ. "ಅದಲ್ಲ, ಹೇಗಿದ್ದೀಯಾ?" ಎಂದು ಮತ್ತೆ ಕೇಳಿದೆ. ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. ಧೈರ್ಯ ಮಾಡಿ, ಆವತ್ತು ನಾನು ಇನ್ನೊಂದು ಸಲ ಕರೆದಿದ್ದರೆ ಬರುತ್ತಿದ್ದೆಯಾ ಎಂದೆ.

"ಬ್ಯಾಗ ತುಂಬಿ ಬಾಗಲದಾಗ ಇಟ್ಟಿದ್ನ್ರಿ ಕಾಕಾ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಹಗುರವಾಗುತ್ತಿತ್ತು. "ನೀವು ಮತ್ತ ಫೋನ್ ಮಾಡ್ತೀರಿ ಅಂತ. ಮುಂದಿನ ಐತವಾರ ಮಾಡಿದ್ರಿ. ಆರಾಮ ಅದೀಯಾ ಅಂದ್ರಿ. ಅದೀನ್ರಿ ಅಂದೆ. ಆಮ್ಯಾಲ ಬ್ಯಾಗ ಬಿಚ್ಚಿದೆ."

ಫೋನ್ ಇಟ್ಟು ಮೇಜಿನ ಕಡೆ ತಿರುಗಿದೆ.

ಯಂತ್ರದ ಹಸಿರು ದೀಪ ಯಾವಾಗಲೋ ಬಂದಿತ್ತು. ಸ್ವಿಚ್ ಆರಿಸಿ ಮೇಲಿನ ರೂಮಿಗೆ ಹೋದೆ. ಹಾಸಿಗೆಯ ಮೇಲೆ ಕೈಪಿಡಿಯ ಉಳಿದ ಪ್ರತಿಗಳು ಡಬ್ಬಗಳಲ್ಲಿ ಕುಳಿತಿದ್ದವು. ಒಂದೊಂದನ್ನೇ ಎತ್ತಿ ಕೆಳಗಿಟ್ಟೆ. ಬೀರುವಿನಿಂದ ರಜಾಯಿ ತೆಗೆದೆ. ಕಿಟಕಿಯ ಕೆಳಗಿನ ಹೀಟರನ್ನು ತಿರುಗಿಸಿ, ಅದು ಬಿಸಿಯಾಗುವ ತನಕ ಕೈ ಇಟ್ಟುಕೊಂಡೇ ನಿಂತಿದ್ದೆ.

"ಕಾಫಿ ಬೇಕೇನ್ರೀ?" ಎಂದು ಸುಮತಿ ಕೆಳಗಿನಿಂದ ಕೂಗಿದಳು.

"ಬೇಡ" ಅಂದೆ.

ಮೆಟ್ಟಿಲ ಮೇಲೆ ಅವಳ ಹೆಜ್ಜೆ ಸದ್ದು ಕೇಳಿಸಿತು. ಕೈಯಲ್ಲಿ ಲೋಟ ಹಿಡಿದವರು ಹತ್ತುವ ಹಾಗೆ, ನಿಧಾನವಾಗಿ.