ಅಕ್ಕನ ಪರೀಕ್ಷೆಯ ದಿನದ ಬುತ್ತಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಪರೀಕ್ಷೆ ಬರೆಯುವವಳು ಅಕ್ಕ ಒಬ್ಬಳೇ ಆದರೂ ಅದರ ಬಿಸಿ ಮನೆಮಂದಿಗೆಲ್ಲ ತಟ್ಟಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ನಾವಿದ್ದದ್ದು ಪುಣೆಯ ಹತ್ತಿರದ ನಿಗಡಿಯಲ್ಲಿ, ಎರಡು ಕೋಣೆಯ ಮನೆ. ಅಪ್ಪ ಸೇಡಂ ಕಡೆಯ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದು ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಸೇರಿದ್ದ. ಹೊರಗೆ ಕಾಲಿಟ್ಟರೆ ಮರಾಠಿ, ಒಳಗೆ ಬಂದರೆ ಕನ್ನಡ. ಎರಡರ ನಡುವೆ ಒಂದು ಹೊಸ್ತಿಲು, ಅಷ್ಟೇ.

ಅಕ್ಕ ಬಿ.ಎ. ಮುಗಿಸಿದ್ದಳು. ಸರ್ಕಾರದ ಅಧಿಕಾರಿಗಳನ್ನು ಆರಿಸುವ ದೊಡ್ಡ ಲಿಖಿತ ಪರೀಕ್ಷೆಗೆ ಕೂರುತ್ತೇನೆ ಎಂದು ಹಟ ಹಿಡಿದಿದ್ದಳು. ಆ ಹೊತ್ತಿಗಾಗಲೇ ಸೊಲ್ಲಾಪುರದ ಕಡೆಯಿಂದ ಅವಳಿಗೊಂದು ಸಂಬಂಧ ಬಂದಿತ್ತು. ಗಂಡಿನ ಕಡೆಯವರು ಒಂದು ವರ್ಷ ಕಾಯಲು ಒಪ್ಪಿದ್ದರು, ಅದರಾಚೆಗೆ ಇಲ್ಲ. ಒಂದು ಸಲ ಬರೆಯಲಿ, ಪಾಸಾದರೆ ನೌಕರಿ, ಆಗದಿದ್ದರೆ ಮದುವೆ ಎಂದು ಅಪ್ಪ ಮಾತು ಕೊಟ್ಟುಬಿಟ್ಟಿದ್ದ. ಹಾಗಾಗಿ ಅಕ್ಕನಿಗೆ ಇದ್ದದ್ದು ಆ ಒಂದೇ ಅವಕಾಶ. ಅದನ್ನು ಕೊಡಿಸಿದವಳು ನಮ್ಮ ಅಜ್ಜಿ, ಅಪ್ಪನ ತಾಯಿ. ನಮ್ಮ ಕಡೆಯ ರೂಢಿಯಂತೆ ನಾವು ಅವಳನ್ನು ಆಯಿ ಎಂದು ಕರೆಯುತ್ತಿದ್ದೆವು.

"ಹುಡುಗಿ ಓದ್ತೀನಿ ಅಂತಾಳ, ಓದ್ಲಿ ಬಿಡು. ಮದಿವಿ ಎಲ್ಲಿ ಓಡಿ ಹೋಗ್ತದ?" ಎಂದು ಆಯಿ ಅಪ್ಪನ ಬಾಯಿ ಮುಚ್ಚಿಸಿದ್ದಳು. ಆಯಿಯ ಎದುರು ಅಪ್ಪನದು ಏನೂ ನಡೆಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅಷ್ಟು ಜನರ ಮೇಲೆ ಗದರುವ ಅಪ್ಪ ಅವಳ ಮುಂದೆ ನನಗಿಂತ ಚಿಕ್ಕವನಾಗಿಬಿಡುತ್ತಿದ್ದ.

ಆ ವರ್ಷ ನಮ್ಮ ಮನೆಯಲ್ಲಿ ರೇಡಿಯೊ ಹಚ್ಚುವಂತಿರಲಿಲ್ಲ. ನಾನು ಪಡಸಾಲೆಯಲ್ಲಿ ಗೋಲಿ ಆಡುವಂತಿರಲಿಲ್ಲ. ಸೀನಿದರೂ ಅವ್ವ ಕಣ್ಣು ಬಿಡುತ್ತಿದ್ದಳು. ಅಕ್ಕ ಬೆಳಗಿನ ಜಾವ ಎದ್ದು ಕಿಟಕಿಯ ಹತ್ತಿರ ಗೋಣಿ ತಟ್ಟು ಹಾಸಿಕೊಂಡು ಕೂತರೆ, ಕಾರ್ಖಾನೆಯ ಭೋಂಗಾ ಕೂಗುವವರೆಗೆ ಏಳುತ್ತಿರಲಿಲ್ಲ. ಅವಳು ಓದುತ್ತಿದ್ದದ್ದು ಮರಾಠಿ ಮತ್ತು ಇಂಗ್ಲಿಷ್ ಪುಸ್ತಕಗಳನ್ನು. ಓದಿದ್ದನ್ನು ಮಧ್ಯಾಹ್ನ ಆಯಿಗೆ ಕನ್ನಡದಲ್ಲಿ ಹೇಳಬೇಕು, ಅದು ಅವಳೇ ಮಾಡಿಕೊಂಡ ಕಟ್ಟಳೆ. ಆಯಿ ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತಾ ಕೇಳುತ್ತಿದ್ದಳು. ಪಂಚವಾರ್ಷಿಕ ಯೋಜನೆ, ಕೃಷ್ಣಾ ನದಿಯ ನೀರಿನ ಹಂಚಿಕೆ, ರಾಜ್ಯಪಾಲರ ಅಧಿಕಾರ, ಎಲ್ಲವೂ ಆ ಮೊರದ ಮುಂದೆ ಬರುತ್ತಿದ್ದವು. ಮಾತು ಎಲ್ಲಾದರೂ ಗೋಜಲಾದರೆ ಆಯಿಯ ಕೈ ನಿಲ್ಲುತ್ತಿತ್ತು. "ತಿಳೀಲಿಲ್ಲ ನೋಡವ್ವ, ಇನ್ನೊಮ್ಮಿ ಹೇಳು" ಎನ್ನುತ್ತಿದ್ದಳು. ಅಕ್ಕ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಪಕ್ಕದಲ್ಲಿ ಕೂತ ನನಗೂ ಅಷ್ಟಿಷ್ಟು ಕಿವಿಗೆ ಬಿದ್ದು, ಶಾಲೆಯಲ್ಲಿ ಗುರುಗಳು ನದಿಗಳ ಹೆಸರು ಕೇಳಿದಾಗ ನಾನು ಅಣೆಕಟ್ಟುಗಳ ಲೆಕ್ಕವನ್ನೂ ಸೇರಿಸಿ ಹೇಳಿ ಬೈಸಿಕೊಂಡಿದ್ದೆ.

ಚಳಿ ಶುರುವಾದ ಮೇಲೆ ನಿಗಡಿಯ ಗಾಳಿ ಆಯಿಗೆ ಒಗ್ಗಲಿಲ್ಲ. ಕೆಮ್ಮು ಹಿಡಿಯಿತು. ಊರಿಗೆ ಹೋಗುತ್ತೇನೆ ಎಂದಳು. ರೈಲು ಹೊರಡುವಾಗ ಕಿಟಕಿಯಿಂದ ಅಕ್ಕನ ಕೈ ಹಿಡಿದುಕೊಂಡು, "ಪರೀಕ್ಷಾ ಮುಗಿಸ್ಕೊಂಡು ಬಾ. ಏನೇನು ಕೇಳಿದ್ರು, ನೀ ಏನೇನು ಬರದಿ, ಎಲ್ಲಾ ನನಗ ಹೇಳಬೇಕು" ಎಂದಳು. ಅಕ್ಕ ಹೂಂ ಎಂದಳು.

ಪರೀಕ್ಷೆ ನಡೆದದ್ದು ಪುಣೆಯ ಶಿವಾಜಿನಗರದ ಹತ್ತಿರ, ಒಂದು ಕಲ್ಲಿನ ಕಟ್ಟಡದ ಶಾಲೆಯಲ್ಲಿ. ನಾನು ಹೇಳಬೇಕೆಂದಿರುವುದು ಅದರ ಕೊನೆಯ ದಿನದ ಸಂಗತಿ. ಬೆಳಿಗ್ಗೆ ಒಂದು ಪೇಪರು, ಮಧ್ಯಾಹ್ನ ಇನ್ನೊಂದು. ಅಪ್ಪ ರಜೆ ಹಾಕಿ ಅಕ್ಕನನ್ನು ಬೆಳಗಿನ ಲೋಕಲ್‌ನಲ್ಲಿ ಕರೆದುಕೊಂಡು ಹೋಗಿದ್ದ. ಬೆಳಿಗ್ಗೆ ಕಟ್ಟಿಕೊಟ್ಟ ಜೋಳದ ರೊಟ್ಟಿ ಮಧ್ಯಾಹ್ನಕ್ಕೆ ಸೆಟೆದುಕೊಳ್ಳುತ್ತದೆ, ಪರೀಕ್ಷೆ ಬರೆಯುವ ಹುಡುಗಿ ಬಿಸಿ ರೊಟ್ಟಿ ಉಣ್ಣಬೇಕು ಎಂಬುದು ಅವ್ವನ ಹಟ. ಹಾಗಾಗಿ ಪರೀಕ್ಷೆ ಇದ್ದ ದಿನವೆಲ್ಲ ಅವ್ವ ಮತ್ತು ನಾನು ಬುತ್ತಿ ಕಟ್ಟಿಕೊಂಡು ಆಮೇಲಿನ ಲೋಕಲ್ ರೈಲು ಹಿಡಿಯುತ್ತಿದ್ದೆವು.

ಆ ದಿನ ಅವ್ವ ಹಿಟ್ಟು ನಾದುತ್ತಿದ್ದಳು. ಬಾಗಿಲಲ್ಲಿ ನಮ್ಮ ಊರಿನ ಕಾಕಾ, ಅಪ್ಪನಿಗೆ ದೂರದ ಸಂಬಂಧದಲ್ಲಿ ತಮ್ಮನಾಗಬೇಕಾದವರು, ಬಂದು ನಿಂತರು. ಮೈಮೇಲೆ ರೈಲಿನ ಮಸಿ, ಕಾಲಲ್ಲಿ ಊರಿನ ಧೂಳು. ಒಳಗೆ ಬಾ ಎಂದರೂ ಬರಲಿಲ್ಲ. "ಆಯಿ ನಿನ್ನಿ ಸಂಜೀಕ ಹೋದಳ್ರಿ ವೈನಿ" ಎಂದರು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತರು.

ಅವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ನಾನು ಅವಳ ಸೆರಗು ಹಿಡಿದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವಳು ನಾದಿದ ಹಿಟ್ಟನ್ನು ಹಾಗೇ ಮುಚ್ಚಿಟ್ಟಳು, ಹೊತ್ತಿಸಲು ತೆಗೆದಿದ್ದ ಕಡ್ಡಿಪೆಟ್ಟಿಗೆಯನ್ನು ಮೇಲಿಟ್ಟಳು. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಊಟ ನೆರೆಯ ಮನೆಯಿಂದ ಬರಬೇಕು. ಎಷ್ಟೇ ದೂರದ ಊರಲ್ಲಿ ಸತ್ತರೂ ಆಯಿ ನಮ್ಮ ಮನೆಯವಳೇ ತಾನೇ. ಪಕ್ಕದ ಮನೆಯ ಮಾವಶಿಗೆ ವಿಷಯ ತಿಳಿಯಿತು. ಮರಾಠಿ ಮನೆಯವರಾದರೂ ಅವರಿಗೂ ಇದೇ ಪದ್ಧತಿ. "ಕಾಳಜಿ ಕರೂ ನಕಾ", ಚಿಂತೆ ಮಾಡಬೇಡಿ ಎಂದು ಅವ್ವನ ಬೆನ್ನು ಸವರಿ, ನನಗೆ ತಮ್ಮ ಮನೆಯಲ್ಲೇ ಉಣ್ಣಿಸಿದರು. ಅಕ್ಕನಿಗೂ ಅಪ್ಪನಿಗೂ ಗೋಧಿಯ ಪೋಳಿ, ಅಂದರೆ ಚಪಾತಿ ಮಾಡಿ, ಮಡಚಿ, ಬಟಾಟೆ ಪಲ್ಯದ ಜೊತೆ ಕಟ್ಟಿಕೊಟ್ಟರು.

ಊರಿಗೆ ಹೋಗಲು ಬಟ್ಟೆ ಕಟ್ಟಬೇಕಿತ್ತು, ಆದ್ದರಿಂದ ಅವ್ವ ನನ್ನನ್ನು ಕಾಕಾ ಅವರ ಜೊತೆ ಕಳಿಸಿದಳು. ಹೊರಡುವಾಗ ನನ್ನ ಗಲ್ಲ ಹಿಡಿದು, "ಅಕ್ಕನ ಮುಂದ ಬಾಯಿ ಬಿಡಬ್ಯಾಡ. ರೊಟ್ಟಿ ಯಾಕಿಲ್ಲ ಅಂದ್ರ ಚಿಮಣಿ ಎಣ್ಣಿ ತೀರ್ಯಾದ ಅನ್ನು" ಎಂದು ಹೇಳಿಕೊಟ್ಟಳು. ಚಿಮಣಿ ಎಣ್ಣಿ ಅಂದರೆ ಸೀಮೆಎಣ್ಣೆ, ನಮ್ಮ ಸ್ಟೋ ಉರಿಯುತ್ತಿದ್ದದ್ದು ಅದರಿಂದಲೇ.

ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಅಪ್ಪ ನಿಂತಿದ್ದ. ಅಕ್ಕ ಒಳಗೆ ಬೆಳಗಿನ ಪೇಪರು ಬರೆಯುತ್ತಿದ್ದಳು. ಕಾಕಾ ಅವರನ್ನು ಕಂಡದ್ದೇ ಅಪ್ಪನ ಮುಖ ಬದಲಾಯಿತು. ಊರಿನಿಂದ ಯಾರಾದರೂ ಕರೆಯದೆ ಬಂದರೆಂದರೆ ಆ ಕಾಲದಲ್ಲಿ ಅದಕ್ಕೆ ಅರ್ಥ ಒಂದೇ.

"ಈಗಿನ ಗಾಡಿ ಹಿಡಿದ್ರ ರಾತ್ರಿಗಿ ಮುಟ್ತೀರಿ ಅಣ್ಣಾರ. ನೀವು ಹಿರಿಮಗ. ರಾತ್ರಿ ತನಕ ಇಡ್ತಾರ, ಅದರಾಚಿ ಇಡಾಕ ಆಗಂಗಿಲ್ಲ, ಹಾದಿ ನೋಡಲಾಕತ್ತಾರ" ಎಂದರು ಕಾಕಾ.

ಅಪ್ಪ ಬಹಳ ಹೊತ್ತು ಆ ಕಲ್ಲಿನ ಕಟ್ಟಡದ ಕಿಟಕಿಗಳನ್ನೇ ನೋಡಿದ. ತಾನು ಈಗ ಹೊರಟರೆ ಅಕ್ಕ ಹೊರಗೆ ಬಂದ ಕೂಡಲೇ ಅಪ್ಪ ಎಲ್ಲಿ ಎಂದು ಕೇಳುತ್ತಾಳೆ. ಕೇಳಿ ತಿಳಿದರೆ ಮಧ್ಯಾಹ್ನದ ಪೇಪರು ಬರೆಯುವುದಿಲ್ಲ. ಬರೆಯದಿದ್ದರೆ ಅಲ್ಲಿಗೆ ಎಲ್ಲ ಮುಗಿಯಿತು. ಹೊರಡದೆ ನಿಂತರೆ ತನ್ನ ತಾಯಿಯ ಮುಖ ಇನ್ನು ಯಾವತ್ತೂ ಕಾಣುವುದಿಲ್ಲ.

"ನನ್ನ ಹಾದಿ ನೋಡಬ್ಯಾಡ್ರಿ, ಊರಾಗಿರೋ ತಮ್ಮನ ಕೈಲೆ ಮಣ್ಣು ಮಾಡ್ರಿ ಅಂತ ತಂತಿ ಕೊಟ್ಟು ಬಾ" ಎಂದ ಅಪ್ಪ. ದನಿ ಅವನದಲ್ಲವೇನೋ ಎನ್ನುವಂತಿತ್ತು. ಕಾಕಾ ಏನೋ ಹೇಳಲು ಹೋದರು. ಅಪ್ಪ ಕೈ ಮುಗಿದುಬಿಟ್ಟ. ಕಾಕಾ ತಂತಿ ಕಚೇರಿ ಹುಡುಕಿಕೊಂಡು ಹೋದರು. ಸಂಜೆ ಅವ್ವನನ್ನು ಪುಣೆ ಸ್ಟೇಷನ್ನಿಗೆ ಕರೆತರುವ ಮಾತೂ ಆಯಿತು. ಅಪ್ಪ ಶಾಲೆಯ ನಳದ ಕೆಳಗೆ ತಲೆಯೊಡ್ಡಿ ನೀರು ಬಿಟ್ಟುಕೊಂಡ. ತಲೆ ಒರೆಸಿಕೊಳ್ಳಲೂ ಇಲ್ಲ. ನನ್ನ ಹತ್ತಿರ ಬಂದು, "ಅಳಬ್ಯಾಡ ಮಗನೇ. ಒಳಗ ಅಕ್ಕ ಬರೀಲಾಕತ್ತಿದ್ದು ಆಯಿಗಿ ಹೇಳಿದ್ದ ಉತ್ತರಾನ" ಎಂದ. ನನಗೆ ಅಳು ಹೆಚ್ಚಾಯಿತು. ಆದರೂ ನುಂಗಿಕೊಂಡೆ.

ಗಂಟೆ ಹೊಡೆಯಿತು. ಅಕ್ಕ ಬೆರಳಿಗೆಲ್ಲ ಶಾಯಿ ಮಾಡಿಕೊಂಡು ನಗುತ್ತಾ ಬಂದಳು. ಮರದ ಕೆಳಗೆ ಕೂತು ಬುತ್ತಿಯ ಗಂಟು ಬಿಚ್ಚಿದಳು. ಪೋಳಿ ನೋಡಿ ಅವಳ ಕೈ ನಿಂತಿತು.

"ರೊಟ್ಟಿ ಯಾಕಿಲ್ಲೋ? ಅವ್ವ ಎಲ್ಲಿ?"

"ಚಿಮಣಿ ಎಣ್ಣಿ ತೀರ್ಯಾದ. ಮಾವಶಿ ಮಾಡಿ ಕೊಟ್ಟಾರ. ಅವ್ವಗ ತಲಿ ನೋವು" ಎಂದೆ. ತಲೆನೋವು ನನ್ನ ಸ್ವಂತದ್ದು.

ಅಕ್ಕ ನನ್ನ ಮುಖ ನೋಡಿದಳು. ಅಪ್ಪನ ಒದ್ದೆ ತಲೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಪೋಳಿಗಳನ್ನು ಪಾಲು ಮಾಡಿ ಅಪ್ಪನ ಮುಂದಿಟ್ಟಳು. ತಾಯಿ ಮಣ್ಣಾಗುವವರೆಗೆ ಮಗನಾದವನು ಬಾಯಿಗೆ ತುತ್ತು ಇಡಬಾರದು, ಅದು ನಮ್ಮಲ್ಲಿ ಯಾರೂ ಮೀರದ ನೇಮ, ನನಗೆ ತಿಳಿದದ್ದು ಆಮೇಲೆ. ಉಣ್ಣದಿದ್ದರೆ ಅಕ್ಕನಿಗೆ ಅನುಮಾನ ಬರುತ್ತದೆ. ಅಪ್ಪ ಒಂದು ಚೂರು ಮುರಿದ. ಅದನ್ನು ಪಲ್ಯಕ್ಕೆ ಅದ್ದಿದ. ಕೈ ಬಾಯಿಯ ತನಕ ಹೋಗಲೇ ಇಲ್ಲ.

"ಅಪ್ಪಾ, ನನಗ ಭಾಳ ಹಸಿವ್ಯಾಗ್ಯಾದ. ನಿನ್ನ ಪಾಲಿಂದೂ ನನಗ ಕೊಡು" ಎಂದಳು ಅಕ್ಕ. ಉತ್ತರಕ್ಕೂ ಕಾಯದೆ ಅಪ್ಪನ ಕೈಯಲ್ಲಿದ್ದ ಆ ಚೂರನ್ನೂ, ಮುಂದಿದ್ದ ಪೋಳಿಗಳನ್ನೂ ತನ್ನ ಕಡೆಗೆ ಎಳೆದುಕೊಂಡಳು. ತಲೆ ಎತ್ತದೆ ಒಂದೊಂದಾಗಿ ಎಲ್ಲವನ್ನೂ ತಿಂದಳು. ಗಂಟಲಲ್ಲಿ ಸಿಕ್ಕಿಕೊಂಡಾಗ ನೀರು ಕುಡಿದಳು, ಮತ್ತೆ ತಿಂದಳು. ಪರೀಕ್ಷೆಯ ದಿನ ಒಂದು ರೊಟ್ಟಿಯನ್ನೂ ಪೂರ್ತಿ ತಿನ್ನದ ಅಕ್ಕ ಅಪ್ಪನನ್ನು ಉಪವಾಸ ಕೆಡವಿ ಹೀಗೆ ತಿನ್ನುತ್ತಿದ್ದಾಳಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಗಂಟೆ ಹೊಡೆದಾಗ ಅವಳು ಕೈ ತೊಳೆದು, ಅಪ್ಪನ ಕಾಲು ಮುಟ್ಟಿ, ತಿರುಗಿ ನೋಡದೆ ಒಳಗೆ ಹೋದಳು.

ಆ ಮಧ್ಯಾಹ್ನ ಅಪ್ಪ ನೆರಳು ಸರಿದಂತೆ ತಾನೂ ಸರಿಯಲಿಲ್ಲ. ಬಿಸಿಲಲ್ಲೇ ನಿಂತಿದ್ದ. ನಾನು ಬೇವಿನ ಬೇರಿನ ಮೇಲೆ ಕೂತು ಊರಿನಲ್ಲಿ ಈಗ ಏನು ಮಾಡುತ್ತಿರಬಹುದು ಎಂದು ಯೋಚಿಸುತ್ತಿದ್ದೆ. ಹೊರಗೆ ರಸ್ತೆಯಲ್ಲಿ ಸೈಕಲ್ಲುಗಳ ಸಾಲು, ಕಬ್ಬಿನ ಹಾಲಿನ ಗಾಣದ ಗೆಜ್ಜೆಯ ಸದ್ದು. ಎಲ್ಲವೂ ಎಂದಿನಂತೆಯೇ ನಡೆದಿತ್ತು, ಅದೇ ನನಗೆ ಸಂಕಟವಾಗುತ್ತಿತ್ತು.

ಪೇಪರು ಮುಗಿಸಿ ಅಕ್ಕ ಹೊರಬಂದಾಗ ಸಂಜೆಯಾಗಿತ್ತು. ಅಪ್ಪ ಅವಳ ಹತ್ತಿರ ಹೋಗಿ, "ಮಗಳ, ಒಂದು ಮಾತು ಹೇಳೂದಾದ" ಎಂದು ತೊದಲಿದ.

"ಗೊತ್ತಾಗ್ಯಾದ ಅಪ್ಪಾ. ಆಯಿ ಹೋದಳು, ಹೌದಿಲ್ಲೋ?" ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರು ಇಳಿಯತೊಡಗಿತ್ತು.

"ಯಾವಾಗ ಗೊತ್ತಾತು?"

"ಬುತ್ತಿ ಬಿಚ್ಚಿದಾಗ. ನಿನ್ನಿ ಇಂವ ರೇಷನ್ ಅಂಗಡಿಯಿಂದ ಡಬ್ಬಿ ತುಂಬ ಎಣ್ಣಿ ತಂದಾನ. ಎಣ್ಣಿ ಇದ್ದೂ ಅವ್ವ ಒಲಿ ಹಚ್ಚಿಲ್ಲ ಅಂದ್ರ ಮತ್ತೇನು?"

ನಿಜ. ಹಿಂದಿನ ದಿನ ಸಾಲಿನಲ್ಲಿ ನಿಂತು ಎಣ್ಣೆ ಹೊತ್ತು ತಂದವನು ನಾನೇ. ಕೈ ನಾರುತ್ತದೆ ಎಂದು ಅಕ್ಕನ ಮುಂದೆ ಗೊಣಗಿದವನೂ ನಾನೇ. ಆ ಗಾಬರಿಯಲ್ಲಿ ಅವ್ವನಿಗೂ ಅದು ನೆನಪಾಗಿರಲಿಲ್ಲ, ನನಗೂ ಆಗಿರಲಿಲ್ಲ.

ಅಪ್ಪ ಅಕ್ಕನನ್ನೇ ನೋಡುತ್ತಾ ನಿಂತ. "ಅದಕ್ಕ ನನ್ನ ಪಾಲು ನೀ..." ಎಂದ. ಅಷ್ಟು ಜನ ಓಡಾಡುವ ಆ ರಸ್ತೆಯಲ್ಲಿ ಅಪ್ಪ ಅಕ್ಕನ ಹೆಗಲ ಮೇಲೆ ಹಣೆಯಿಟ್ಟು ಮಗುವಿನ ಹಾಗೆ ಅತ್ತ. ಅವನು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಮಗಳ ಪರೀಕ್ಷೆಗಾಗಿ ಅವನು ತಾಯಿಯ ಮುಖ ಬಿಟ್ಟುಕೊಟ್ಟಿದ್ದ. ಅವನ ನೇಮ ಉಳಿಯಲೆಂದು ಮಗಳು ದುಃಖದ ಮೇಲೆ ಆ ಪೋಳಿಗಳನ್ನು ನುಂಗಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ. ನಡುವೆ ಕೂತ ನಾನು ಅಕ್ಕನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ!

ಆ ರಾತ್ರಿಯ ಗಾಡಿಗೆ ಎಲ್ಲರೂ ಊರಿಗೆ ಹೋದೆವು. ನಾವು ಮುಟ್ಟುವ ಹೊತ್ತಿಗೆ ಹೊಲದ ಬದುವಿನಲ್ಲಿ ಹಸಿಮಣ್ಣಿನ ಗುಡ್ಡೆಯೊಂದೇ ಉಳಿದಿತ್ತು. ಅಪ್ಪ ಒಂದು ಹಿಡಿ ಮಣ್ಣು ಹಾಕಿ ದೂರ ಹೋಗಿ ನಿಂತ. ಅಕ್ಕ ಮಾತ್ರ ಅಲ್ಲೇ ಕೂತಳು. ಪೇಪರಿನಲ್ಲಿ ಏನೇನು ಕೇಳಿದ್ದರು, ತಾನು ಏನೇನು ಬರೆದೆ, ಎಲ್ಲವನ್ನೂ ಆ ಮಣ್ಣಿಗೆ ಹೇಳಿದಳು. ಮೊರದ ಮುಂದೆ ಹೇಳುತ್ತಿದ್ದ ಹಾಗೆಯೇ, ಬಿಡಿಸಿ ಬಿಡಿಸಿ. ಮುಂದೆ ಅವಳು ಪಾಸಾದಳು. ಪುಣೆ ಜಿಲ್ಲೆಯ ಶಿರೂರಿನ ಕಚೇರಿಯ ಕುರ್ಚಿಯಲ್ಲಿ ಅವಳು ಕೂತದ್ದನ್ನು ನೋಡಲು ನಾವೆಲ್ಲ ಬಸ್ಸಿನಲ್ಲಿ ಹೋಗಿದ್ದೆವು.

ಮಕ್ಕಳೇ, ನೀವು ಓದುವುದೇ ಬೇರೆ ರೀತಿ. ಪಾಠ ಫೋನಿನಲ್ಲಿ ಬರುತ್ತದೆ, ಅನುಮಾನ ಬಂದರೆ ಪರದೆಯ ಮೇಲೆ ಬೆರಳಾಡಿಸಿದರೆ ಸಾಕು. ಹಸಿವಾದರೆ ಯಾವ ಅಡುಗೆಮನೆಯಲ್ಲಿ ಬೆಂದದ್ದೋ ಗೊತ್ತಿಲ್ಲದ ಊಟ ಬಾಗಿಲಿಗೇ ಬರುತ್ತದೆ. ಸಾವಿನ ಸುದ್ದಿಯೂ ಈಗ ನಡೆದು ಬರುವುದಿಲ್ಲ, ಫೋಟೋ ಸಮೇತ ಕಿಸೆಯಲ್ಲೇ ಬಂದು ಬೀಳುತ್ತದೆ. ನಿಮ್ಮ ಕಾಲ ಕೆಟ್ಟದ್ದು ಎನ್ನುವ ಮುದುಕ ನಾನಲ್ಲ. ಆ ದಿನ ನಮ್ಮ ಮನೆಯಲ್ಲಿ ಒಂದು ಫೋನ್ ಇದ್ದಿದ್ದರೆ ಅಪ್ಪ ತಾಯಿಯ ಮುಖವನ್ನಾದರೂ ನೋಡುತ್ತಿದ್ದ. ಆದರೆ ಆ ಫೋನ್ ಅಕ್ಕನ ಕೈಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತೋ, ನನಗೆ ಗೊತ್ತಿಲ್ಲ.

ನಿಮಗೆ ಪರೀಕ್ಷೆ ಇರುವ ದಿನವೆಲ್ಲ ಶಿರೂರಿನಿಂದ ನಿಮ್ಮ ದೊಡ್ಡಜ್ಜಿಯ ಫೋನ್ ಬರುತ್ತದಲ್ಲ, ಅವಳೇ ನನ್ನ ಅಕ್ಕ. ಪೇಪರು ಹೇಗಿತ್ತು ಎಂದು ಅವಳು ಮೊದಲು ಕೇಳುವುದಿಲ್ಲ. "ಇವತ್ತ ಮನ್ಯಾಗ ಒಲಿ ಹಚ್ಚ್ಯಾರೇನು? ಡಬ್ಬ್ಯಾಗ ರೊಟ್ಟಿ ಅದ ಏನು?" ಎಂದೇ ಕೇಳುತ್ತಾಳೆ. ಅಜ್ಜಿಗೆ ವಯಸ್ಸಾಯಿತು, ಯಾವಾಗಲೂ ಊಟದ್ದೇ ಧ್ಯಾನ ಎಂದು ನೀವು ನಗುತ್ತೀರಿ. ಇನ್ನು ಮೇಲೆ ನಗಬೇಡಿ. ಡಬ್ಬಿ ತೆರೆದು ನೋಡಿ, "ಅದ ಅಜ್ಜಿ, ರೊಟ್ಟೀನೇ ಅದ, ಬಿಸಿ ಅದ" ಎಂದು ಹೇಳಿ. ಅವಳು ಅಷ್ಟು ಕೇಳಿಸಿಕೊಂಡು ಸುಮ್ಮನೆ ಫೋನ್ ಇಡುತ್ತಾಳೆ.