ಹನ್ನೆರಡು ಅಂತಸ್ತಿಗೆ ಒಂದು ದೃಷ್ಟಿಗೊಂಬೆ

ತುರುವನೂರಿನ ಚಿತ್ತಪ್ಪನ ಮನೆತನದವರೆಲ್ಲ ಕುರಿ ಕಾಯ್ದವರು. ಚಿತ್ತಪ್ಪನಿಗೆ ಮಾತ್ರ ಕುರಿಗಳ ಹಿಂದೆ ನಡೆಯುವ ತಾಳ್ಮೆ ಇರಲಿಲ್ಲ. ಕುರಿಗಳಿಗೂ ಅವನ ಮುಂದೆ ನಡೆಯುವ ಮನಸ್ಸಿರಲಿಲ್ಲ. ಹಾಗಾಗಿ ನಮ್ಮ ದುರ್ಗಕ್ಕೆ ಬಂದು ದೃಷ್ಟಿಗೊಂಬೆ ಮಾಡತೊಡಗಿದ. ಹುಲ್ಲು ತುಂಬಿದ ಹಳೇ ಪ್ಯಾಂಟು ಶರ್ಟು, ಮಡಕೆಯ ತಲೆ, ಅದರ ಮೇಲೆ ಸುಣ್ಣ, ಮಸಿಯಲ್ಲಿ ಬರೆದ ಕಣ್ಣು, ಹಲ್ಲು, ಮೀಸೆ. ಊರಲ್ಲಿ ಅರ್ಧ ಎದ್ದ ಮನೆ ಎಲ್ಲಿದ್ದರೂ ಅಲ್ಲಿ ಅವನ ಗೊಂಬೆ ನೇತಾಡುತ್ತದೆ. ನಾನು ಮನೆ ಕಟ್ಟಿಸಿದಾಗಲೂ ಒಂದು ನೇತಾಡಿತ್ತು. ನನ್ನ ಮನೆ ನೋಡಿ ಯಾರೂ ಹೊಟ್ಟೆ ಉರಿದುಕೊಳ್ಳಲಿಲ್ಲ. ಅದು ಗೊಂಬೆಯ ಮಹಿಮೆ ಅಂತ ಚಿತ್ತಪ್ಪ ಹೇಳುತ್ತಾನೆ. ಮನೆಯ ಮಹಿಮೆ ಅಂತ ನನ್ನ ಹೆಂಡತಿ.

ಹೀಗಿರುವಾಗ ಊರಿನ ಸಾಹುಕಾರ ಮರುಳಸಿದ್ದಪ್ಪನವರು ಊರ ನಡುವೆ ಹನ್ನೆರಡು ಅಂತಸ್ತಿನ ಕಟ್ಟಡ ಎಬ್ಬಿಸಲು ಹೊರಟರು. ಕೆಳಗೆ ಅಂಗಡಿ, ಅದರ ಮೇಲೆ ಆಫೀಸು, ಅದಕ್ಕೂ ಮೇಲೆ ಲಾಡ್ಜು, ತುದಿಯಲ್ಲಿ ಮನೆಗಳು. ನಾಲ್ಕಂತಸ್ತು ಕಂಡರೇ ಕತ್ತು ಹಿಡಿದುಕೊಳ್ಳುವ ಊರು ನಮ್ಮದು. ತುದಿಯ ಅಂತಸ್ತು ಎದ್ದಾಗ, ಅಷ್ಟೆತ್ತರಕ್ಕೆ ಗೊಂಬೆ ಕಟ್ಟಲು ಚಿತ್ತಪ್ಪನಿಗೇ ಕರೆ ಬಂತು. ಅವನ ಹೆಂಡತಿ ಹೊನ್ನಕ್ಕ ನಲ್ಲಿಯ ಹತ್ತಿರ ಆ ಸುದ್ದಿ ಬಿತ್ತಿದಳು; ಸಂಜೆಯೊಳಗೆ ಬೀದಿಯೆಲ್ಲ ಮೊಳೆಯಿತು.

ಚಿತ್ತಪ್ಪ ಎಂದಿನಂತೆ ಆಳೆತ್ತರದ ಗೊಂಬೆ ಮಾಡಿ ಮೇಲೆ ಕಟ್ಟಿಸಿ, ಕೆಳಗೆ ರಸ್ತೆಯಲ್ಲಿ ನಿಂತು ಹೆಂಡತಿಗೆ ತೋರಿಸಿದ.

"ಎಲ್ಲೈತೆ?"

"ಅಗಾ, ಅಲ್ಲಿ."

"ಅದು ಕಾಗೆ."

"ಕಾಗೆ ಪಕ್ಕದಾಗೆ ನೋಡೇ!"

"ಪಕ್ಕದಾಗಿರೋದು ಅದ್ರ ಮರಿ."

ಚಿತ್ತಪ್ಪನ ಮುಖ ಇಳಿಯಿತು. ಮನೆಗಿಂತ ಮೊದಲು ಗೊಂಬೆ ಕಣ್ಣಿಗೆ ಬೀಳಬೇಕು, ಅದೇ ಅವನ ಕಸುಬಿನ ನಿಯಮ. ಇಲ್ಲಿ ಊರಿನ ಕಣ್ಣೆಲ್ಲ ನೇರವಾಗಿ ಕಟ್ಟಡಕ್ಕೇ ಬೀಳುತ್ತಿತ್ತು. ನಾಳೆ ಒಂದು ಗೋಡೆ ಬಿರುಕು ಬಿಟ್ಟರೂ ಚಿತ್ತಪ್ಪನ ಗೊಂಬೆಯಲ್ಲಿ ದಮ್ಮಿಲ್ಲ ಅಂತಾರೆ. ಆಮೇಲೆ ಕೋಳಿಗೂಡಿಗೂ ಅವನನ್ನು ಕರೆಯುವವರು ಯಾರು?

ಅವನು ಹಟಕ್ಕೆ ಬಿದ್ದ. ಈ ಸಲ ದೈತ್ಯ ಗೊಂಬೆಗೆ ಬಿದಿರು ಕಟ್ಟಿದ. ತುರುವನೂರಿನಿಂದ ಟ್ರ್ಯಾಕ್ಟರ್ ತುಂಬ ಹುಲ್ಲು ಬಂತು. ಶಾಮಿಯಾನದ ಬಟ್ಟೆಯಲ್ಲಿ ಅಂಗಿ ಹೊಲಿಸಿದ. ಅಷ್ಟು ದೊಡ್ಡ ಮಡಕೆ ಎಲ್ಲೂ ಸಿಗದೆ, ತಲೆಗೆ ಹಳೇ ಪ್ಲಾಸ್ಟಿಕ್ ನೀರಿನ ಟ್ಯಾಂಕು ಹೊಂದಿಸಿದ. ಉಳಿದದ್ದು ಮುಖ. ಒಂದು ಬೆಳಿಗ್ಗೆ ಹೋಟೆಲಿನಲ್ಲಿ ನನ್ನೆದುರು ಕೂತು ಚಹಾ ಆರುವವರೆಗೂ ನನ್ನನ್ನೇ ನೋಡಿದ.

"ಸಾರ್, ಒಂದ್ಸಲ ಹಲ್ಲು ಬಿಡ್ರಿ."

ಈ ವಯಸ್ಸಿನಲ್ಲಿ ನನ್ನ ನಗುವನ್ನು ಮೆಚ್ಚುವವರು ಸಿಕ್ಕರಲ್ಲ ಅಂತ ಧಾರಾಳವಾಗಿ ಬಿಟ್ಟೆ.

ಕ್ರೇನು ಗೊಂಬೆಯನ್ನು ಎತ್ತಿದ ದಿನ ಆಟೋಗಳು ಇದ್ದಲ್ಲೇ ನಿಂತವು. ಹೊಸದುರ್ಗದ ಬಸ್ಸಿನಲ್ಲಿ ಜನವೆಲ್ಲ ಒಂದೇ ಕಡೆಯ ಕಿಟಕಿಗೆ ನುಗ್ಗಿ ಬಸ್ಸು ವಾಲಿತು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು, "ಮೀಸೆ ನಿಮ್ದೇ, ಅನುಮಾನ ಇಲ್ಲ," ಅಂದಳು. ಭಾನುವಾರ ಹೊಳಲ್ಕೆರೆಯಿಂದ ಸಂಸಾರ ಸಮೇತ ಬಂದು ಫೋಟೊ ಹೊಡೆದುಕೊಂಡು ಹೋದರು. ಕಟ್ಟಡದಲ್ಲಿ ಅಂಗಡಿ ಬೇಕೆಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಕಟ್ಟಡ ಇದೆಯೆಂಬುದೇ ಯಾರ ಗಮನಕ್ಕೂ ಬಂದಿರಲಿಲ್ಲ.

ಮರುಳಸಿದ್ದಪ್ಪನವರು ಚಿತ್ತಪ್ಪನನ್ನು ಕಟ್ಟಡದ ಬುಡಕ್ಕೇ ಕರೆಸಿದರು.

"ಏನಪ್ಪ, ನಾನು ಕಟ್ಟಿರೋದು ಬಿಲ್ಡಿಂಗು. ಜನ ನೋಡ್ತಿರೋದು ನಿನ್ ಹುಲ್ಲು!"

"ಅದಕ್ಕೇ ಅಲ್ವರಾ ಧಣಿ ಗೊಂಬೆ ಕಟ್ಟೋದು? ಬಿಲ್ಡಿಂಗ್ ನೋಡಿದ್ರೆ ನಾನು ಕೆಟ್ಟೆ."

"ನೋಡ್ದಿದ್ರೆ ನಾನು ಕೆಟ್ಟೆ ಕಣಯ್ಯ! ನಾಳೆ ಇಳಿಸು."

"ಹಾಲು ಉಕ್ಕಿಸೋ ತಂಕ ಗೊಂಬೆ ಇಳಿಸಂಗಿಲ್ಲ. ಬೇಕಾದ್ರೆ ನೀವೇ ಹಗ್ಗ ಕೊಯ್ರಿ ಧಣಿ, ನಾನು ಬ್ಯಾಡ ಅನ್ನಲ್ಲ."

ಮರುಳಸಿದ್ದಪ್ಪನವರು ತಲೆಯೆತ್ತಿ ಹಗ್ಗವನ್ನು ನೋಡಿದರು, ತಮ್ಮ ಕಟ್ಟಡವನ್ನು ನೋಡಿದರು, ಕೈ ಹಿಂದೆ ಕಟ್ಟಿಕೊಂಡರು. ಗಾರೆಯವರು ಒಬ್ಬರೂ ಚಾಕು ಮುಟ್ಟಲಿಲ್ಲ. ಕೊನೆಗೆ ದೇವರು ದಿಂಡಿರನ್ನು ನಂಬದ ಎಂಜಿನಿಯರ್ ಗೋವರ್ಧನ ಮುಂದೆ ಬಂದ. ಎದೆಯುಬ್ಬಿಸಿಕೊಂಡು ಮೇಲೆ ಹೋದವನು ಸ್ವಲ್ಪ ಹೊತ್ತಿಗೆ ಇಳಿದು ಬಂದು, "ಹಗ್ಗ ಗಟ್ಟಿ ಐತೆ ಸಾರ್, ಸೇಫ್ಟಿಗೇನೂ ತೊಂದ್ರೆ ಇಲ್ಲ. ಇರ್ಲಿ ಬಿಡ್ರಿ," ಅಂದ. ಜೋಗಿಮಟ್ಟಿ ರಸ್ತೆಯಲ್ಲಿ ಅವನ ಸ್ವಂತ ಮನೆಯೂ ಅರ್ಧಕ್ಕೆ ನಿಂತಿದೆಯೆಂದು ಆಮೇಲೆ ತಿಳಿಯಿತು.

ಗೊಂಬೆ ಇಳಿಯಬೇಕಾದರೆ ಹಾಲು ಉಕ್ಕಬೇಕು. ಹಾಲು ಉಕ್ಕಬೇಕಾದರೆ ಕಟ್ಟಡ ಮುಗಿಯಬೇಕು. ವರ್ಷಗಟ್ಟಲೆ ತೆವಳುತ್ತಿದ್ದ ಕೆಲಸ ಓಡತೊಡಗಿತು. ಟೈಲ್ಸಿನವನು, ಬಣ್ಣದವನು, ಲಿಫ್ಟಿನವನು ಒಬ್ಬರ ಕಾಲು ಒಬ್ಬರು ತುಳಿಯುತ್ತ ದುಡಿದರು. ಅಂತೂ ಒಂದು ಶುಕ್ರವಾರ ಹಾಲು ಉಕ್ಕಿತು. ಚಿತ್ತಪ್ಪ ತಾನೇ ಮೇಲೆ ಹೋಗಿ, ಗೊಂಬೆಯನ್ನು ಕ್ರೇನಿಗೆ ಬಿಗಿದು, ಕೈಮುಗಿದು, ಹಗ್ಗ ಕೊಯ್ದ. ಇಳಿಯುವಾಗ ಅವನ ಮುಖ ಮಗಳನ್ನು ಗಂಡನ ಮನೆಗೆ ಕಳಿಸಿದವನ ಹಾಗಿತ್ತು.

ಕೆಳಗೆ ಮರುಳಸಿದ್ದಪ್ಪನವರು ಹಾರ ಹಾಕಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಮಾರ್ಕೆಟ್ಟಿಗೆ ಹೊರಟ ಮುದುಕರೊಬ್ಬರು ಅವರ ಮುಂದೆಯೇ ನಿಂತು ಕತ್ತೆತ್ತಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಅಲ್ರೀ, ಇಷ್ಟುದ್ದದ್ದು ಯಾವಾಗ ಎಬ್ಬಿಸಿದ್ರಿ? ದಿನಾ ಇಲ್ಲೇ ಓಡಾಡ್ತೀನಿ, ನಿನ್ನೆ ಗಂಟ ಇರ್ಲಿಲ್ವಲ್ಲ!"

ಗುಂಪಿನಲ್ಲಿದ್ದ ಚಿತ್ತಪ್ಪ ಕಟ್ಟಡವನ್ನೇ ನೋಡುತ್ತ ಹೆಂಡತಿಯನ್ನು ಮೊಣಕೈಯಿಂದ ತಿವಿದ. "ಕೇಳಿಸ್ಕಂಡೇನೇ?"

"ಕೇಳಿಸ್ತು, ಕೇಳಿಸ್ತು," ಅಂದಳು ಹೊನ್ನಕ್ಕ. "ಹಂಗ್ ಬಾಯ್ ಬಿಟ್ಕಂಡು ಮ್ಯಾಲೆ ನೋಡಬ್ಯಾಡ. ನಿನ್ ಕಣ್ಣೇ ಬಿದ್ದಾತು. ನಡಿ, ಹೋಗಾಣ."